ಎಲೆಯ ಮೇಲೆ ನಡೆಯುವ ಹಕ್ಕಿ ಮತ್ತು ನಮ್ಮ ಊರ ಕೆರೆ

(ಸಂಘದ ಬೆಳ್ಳಿ ಮಹೋತ್ಸವದ ಮಧ್ಯಾಹ್ನದ ಗೋಷ್ಠಿಯಲ್ಲಿ ಮಾಡಿದ ಭಾಷಣ. ಸ್ಮರಣ ಸಂಚಿಕೆಗಾಗಿ ಬರೆದು ಕೊಟ್ಟದ್ದು.)



ಮುಂಜಾನೆಯಿಂದ ನೀವು ಶೇರು ಬಂಡವಾಳ, ಬೆಳೆಸಾಲ, ವಸೂಲಿ, ಡಿವಿಡೆಂಡು ಇವುಗಳ ಲೆಕ್ಕ ಕೇಳಿದ್ದೀರಿ. ಇಪ್ಪತ್ತೈದು ವರ್ಷದ ಹಿಂದೆ ಗುಡಿಯ ಕಟ್ಟೆಯ ಮೇಲೆ ಒಂದು ತಗಡಿನ ಟ್ರಂಕು ಇಟ್ಟುಕೊಂಡು ಸುರುವಾದ ಸಂಘ ಇವತ್ತು ಸ್ವಂತ ಗೋದಾಮು ಕಟ್ಟಿ ನಿಂತಿದೆ. ಅದನ್ನು ಕಣ್ಣಾರೆ ಕಂಡ ನಮಗೆ ಎದೆ ತುಂಬಿ ಬಂದಿದೆ. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಹಚ್ಚಿದ ದೀಪದ ಒಂದು ಸಣ್ಣ ಕುಡಿ ನಮ್ಮೂರಲ್ಲೂ ಉರಿಯುತ್ತಿದೆ ಎಂಬುದು ಸಣ್ಣ ಮಾತಲ್ಲ.

ಅಧ್ಯಕ್ಷರು ನಮಗೆ ಕೊಟ್ಟ ವಿಷಯ ‘ಸಹಕಾರ ಮತ್ತು ಪರಿಸರ’. ಪರಿಸರ ಅಂದಕೂಡಲೇ ಓಝೋನು, ಭೂಮಿ ಕಾವು ಅಂತ ದೊಡ್ಡ ದೊಡ್ಡ ಮಾತು ಬರುತ್ತವೆ. ಊಟದ ಮೇಲೆ ಅಷ್ಟು ದೊಡ್ಡ ಮಾತು ಕೇಳಿದರೆ ನಿಮಗೆ ನಿದ್ದಿ ಬಂದೀತು. ಹಾಗಾಗಿ ನಾವು ಒಂದೇ ಒಂದು ಹಕ್ಕಿಯ ಮಾತು ಆಡುತ್ತೇವೆ. ಅದೂ ದೂರದ ಹಕ್ಕಿಯಲ್ಲ, ನಮ್ಮ ಊರ ಕೆರೆಯ ಹಕ್ಕಿ. ಈ ಬೆಳ್ಳಿಹಬ್ಬದ ನಿಧಿಯಿಂದ ಕೆರೆಯ ಹೂಳು ತೆಗೆಸಬೇಕು ಅಂತ ಸಂಘ ಠರಾವು ಮಾಡಿದೆ. ಒಳ್ಳೆಯ ಠರಾವು. ಆದರೆ ಅದರ ಜೊತೆಗೆ ನಾಲ್ಕು ಸಾಲು ಸೇರಿಸಬೇಕು ಅಂತ ನಮ್ಮ ವಿನಂತಿ. ಆ ನಾಲ್ಕು ಸಾಲು ಯಾಕೆ ಅನ್ನುವುದನ್ನು ಹೇಳಲಿಕ್ಕೆ ಈ ಹಕ್ಕಿ ಬೇಕು.

ಯಾವ ಹಕ್ಕಿ ಇದು?

ಮಳೆಗಾಲದಲ್ಲಿ ಎಮ್ಮೆ ಮೈತೊಳೆಯಲು ಕೆರೆಗೆ ಹೋದವರೆಲ್ಲ ಇದನ್ನು ನೋಡಿದ್ದೀರಿ. ನೈದಿಲೆ ಎಲೆಗಳ ಮೇಲೆ ನೆಲದ ಮೇಲೆ ನಡೆದ ಹಾಗೆ ಸರಸರ ನಡೆದು ಹೋಗುತ್ತದೆ. ನೀರಿನ ಮೇಲೆ ನಡೆಯುವ ಸಾಧುಗಳ ಕಥೆ ಕೇಳಿದ್ದೇವೆ, ಇದು ಕಣ್ಣೆದುರಿಗೇ ನಡೆಯುತ್ತದೆ. ಕನ್ನಡದ ಹಕ್ಕಿ ಪುಸ್ತಕಗಳಲ್ಲಿ ಇದಕ್ಕೆ ದೇವನಹಕ್ಕಿ ಅಂತಾರೆ. ನಮ್ಮ ಮರಾಠಿ ಅಣ್ಣತಮ್ಮಂದಿರು ಕಮಳಪಕ್ಷಿ ಅಂತಾರೆ, ತಾವರೆಯ ಹಕ್ಕಿ ಅಂತ ಅರ್ಥ. ಹಿಂದಿಯವರು ಜಲಮೋರ ಅಂದರು. ಇಂಗ್ಲಿಷಿನವರು ಜಕಾನ ಅಂತಾರೆ. ಆ ಹೆಸರು ಅವರದೂ ಅಲ್ಲ, ದೂರದ ಬ್ರೆಜಿಲ್ ದೇಶದ ಮೂಲನಿವಾಸಿಗಳ ಮಾತಿನಿಂದ ಪೋರ್ತುಗೀಜರ ಬಾಯಿಗೆ ಬಂದು, ಅಲ್ಲಿಂದ ಜಗತ್ತಿಗೆ ಹರಡಿದ್ದು. ಇಂಥ ಹಕ್ಕಿಗಳು ಜಗತ್ತಿನ ಬಿಸಿಲುನಾಡುಗಳಲ್ಲಿ ಒಟ್ಟು ಎಂಟು ಜಾತಿ ಇವೆ. ನಮ್ಮ ದೇಶದಲ್ಲಿ ಎರಡು.

ಮೊದಲನೆಯದು ಉದ್ದಬಾಲದ್ದು. ಮಳೆಗಾಲ ಬಂತೆಂದರೆ ಇದಕ್ಕೆ ಮದುವಣಿಗನ ಸಿಂಗಾರ. ಮೈ ಕಪ್ಪುಗಂದು, ತಲೆ ಮತ್ತು ಮುಂಗುತ್ತಿಗೆ ಬಿಳಿ, ಹಿಂಗುತ್ತಿಗೆಗೆ ಬಂಗಾರದ ಪಟ್ಟಿ ಹಚ್ಚಿದ ಹಾಗೆ ಹಳದಿ, ರೆಕ್ಕೆ ಬಿಳಿ, ಹಿಂದೆ ಬಿಲ್ಲಿನಂತೆ ಬಾಗಿದ ಉದ್ದ ಬಾಲ. ಚಳಿಗಾಲಕ್ಕೆ ಆ ಬಾಲ ಉದುರಿ, ಮೈ ಮಾಸಲಾಗಿ, ಎದೆಗೆ ಒಂದು ಕರಿಯ ಸರ ಮಾತ್ರ ಉಳಿಯುತ್ತದೆ. ಆಗ ನೋಡಿದವರು ಅದೇ ಹಕ್ಕಿ ಅಂದರೆ ನಂಬುವುದಿಲ್ಲ. ಎರಡನೆಯದು ಕಂಚಿನ ರೆಕ್ಕೆಯದು. ತಲೆ, ಕುತ್ತಿಗೆ ಮಿರಮಿರ ಕಪ್ಪು, ಬೆನ್ನು ಮತ್ತು ರೆಕ್ಕೆ ಹಸಿರು ಬೆರೆತ ಕಂಚಿನ ಬಣ್ಣ, ಕಣ್ಣಿನ ಮೇಲೆ ವಿಭೂತಿ ಎಳೆದ ಹಾಗೆ ಬಿಳಿ ಹುಬ್ಬು. ಇದಕ್ಕೆ ಉದ್ದ ಬಾಲ ಇಲ್ಲ, ವರ್ಷವಿಡೀ ಒಂದೇ ವೇಷ.

ಎರಡಕ್ಕೂ ದೇವರು ಕೊಟ್ಟ ಬಂಡವಾಳ ಅಂದರೆ ಕಾಲ್ಬೆರಳು. ಮೈಗೆ ಹೋಲಿಸಿದರೆ ಬೆರಳುಗಳು ವಿಪರೀತ ಉದ್ದ, ಅದರ ತುದಿಗೆ ಮತ್ತೆ ಉದ್ದ ಉಗುರು. ಕಾಲು ಊರಿದಾಗ ಬೆರಳು ಜೇಡರ ಹುಳದ ಕಾಲಿನಂತೆ ನಾಲ್ಕೂ ಕಡೆ ಹರಡಿಕೊಳ್ಳುತ್ತವೆ. ಮೈಯ ಭಾರ ಒಂದೇ ಕಡೆ ಬೀಳದೆ ಇಡೀ ಎಲೆಯ ಮೇಲೆ ಹಂಚಿಹೋಗುತ್ತದೆ. ಅದಕ್ಕೇ ಎಲೆ ಮುಳುಗುವುದಿಲ್ಲ. ಹಿಂದೊಮ್ಮೆ ಒಬ್ಬ ಹುಡುಗ ನಮ್ಮನ್ನು ಕೇಳಿದ, “ಮಾಸ್ತರ್ರ, ಅದು ಹಗುರ ಐತಿ ಅಂತ ಮುಳುಗಂಗಿಲ್ಲೇನ್ರಿ?” ಹಗುರ ಇರುವುದು ಹೌದು. ಉದ್ದಬಾಲದ ಗಂಡು ಸುಮಾರು 125 ಗ್ರಾಂ, ಹೆಣ್ಣು 200 ಗ್ರಾಂ ಸುತ್ತಮುತ್ತ. ಆದರೆ ಅಷ್ಟೇ ತೂಕದ ಪಾರಿವಾಳವನ್ನು ಎಲೆಯ ಮೇಲೆ ಬಿಟ್ಟು ನೋಡಿರಿ, ಮುಳುಗುತ್ತದೆ. ಹಗುರ ಇದ್ದರೆ ಸಾಲದು, ಭಾರ ಹಂಚಬೇಕು. ಈ ಮಾತನ್ನು ನೆನಪಿನಲ್ಲಿ ಇಟ್ಟುಕೊಳ್ಳಿರಿ, ಕೊನೆಗೆ ಮತ್ತೆ ಬೇಕಾಗುತ್ತದೆ.

ತೊಟ್ಟಿಲು ತೂಗುವ ಗಂಡು

ಈಗ ತಾಯಂದಿರು ಸ್ವಲ್ಪ ಗಮನ ಕೊಡಬೇಕು. ಈ ಹಕ್ಕಿಯ ಸಂಸಾರ ನಮ್ಮ ಸಂಸಾರದ ತದ್ವಿರುದ್ಧ. ಹೆಣ್ಣು ದೊಡ್ಡದು, ಗಂಡು ಸಣ್ಣದು. ಕೆರೆಯ ಒಂದು ಭಾಗವನ್ನು ತನ್ನದೆಂದು ಕಾಯುವವಳು ಹೆಣ್ಣು. ಜಗಳಕ್ಕೆ ಹೋಗುವವಳೂ ಹೆಣ್ಣು. ಅವಳು ಒಂದು ಗಂಡಿಗೆ ನಾಲ್ಕು ಮೊಟ್ಟೆ ಇಟ್ಟುಕೊಟ್ಟು ಮುಂದಿನ ಗಂಡಿನ ಕಡೆ ಹೋಗುತ್ತಾಳೆ. ಉದ್ದಬಾಲದ ಹೆಣ್ಣು ಹೀಗೆ ಒಂದೇ ಮಳೆಗಾಲದಲ್ಲಿ ಹತ್ತು ಸಲದವರೆಗೂ ಮೊಟ್ಟೆ ಇಡಬಲ್ಲದು. ಕಾವು ಕೂಡುವುದು, ಮರಿ ಜೋಪಾನ ಮಾಡುವುದು ಎಲ್ಲ ಗಂಡಿನ ಪಾಲು. ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಯ ವೆಂಬನೂರು ಕೆರೆಯಲ್ಲಿ ಬುಚಾರ್ಟ್ ಎಂಬ ವಿಜ್ಞಾನಿ 1990ರ ದಶಕದಲ್ಲಿ ಕಂಚಿನ ರೆಕ್ಕೆಯ ಹಕ್ಕಿಗಳನ್ನು ಕುಳಿತು ನೋಡಿ ಬರೆದಿಟ್ಟಿದ್ದಾರೆ. ಅಲ್ಲಿ ಒಂದು ಹೆಣ್ಣಿನ ಸರಹದ್ದಿನಲ್ಲಿ ಒಂದರಿಂದ ನಾಲ್ಕು ಗಂಡುಗಳು ಸಂಸಾರ ಹೂಡಿದ್ದವು.

ನಾವು ಇದನ್ನು ಮನೆಯಲ್ಲಿ ಹೇಳಿದಾಗ ನಮ್ಮ ಮನೆಯವರು, “ಹಂಗಾದ್ರ ಆ ಜಾತ್ಯಾಗ ಹುಟ್ಟಬೇಕಿತ್ತ ನೋಡ್ರಿ” ಅಂದುಬಿಟ್ಟರು. ಇರಲಿ.

ಗೂಡು ಅಂದರೆ ದೊಡ್ಡ ಗೂಡಲ್ಲ. ತೇಲುವ ಎಲೆಗಳ ಮೇಲೆ ನಾಲ್ಕು ಹಸಿ ಕಡ್ಡಿ ಒಟ್ಟಿದರೆ ಅದೇ ಗೂಡು. ಕೆಲವೊಮ್ಮೆ ಬರೀ ಎಲೆಯ ಮೇಲೆಯೇ ಮೊಟ್ಟೆ. ಎಣ್ಣೆ ಹಚ್ಚಿದ ಹಾಗೆ ಹೊಳೆಯುವ ಕಂದು ಮೊಟ್ಟೆಗಳು. ಗಂಡು 26 ದಿನದ ಸುಮಾರು ಕಾವು ಕೊಡುತ್ತದೆ. ನೀರು ಏರಿದರೆ, ಎಲೆ ಸರಿದರೆ, ಇಲ್ಲವೆ ಯಾರಾದರೂ ಹತ್ತಿರ ಸುಳಿದರೆ, ಗಂಡು ಮೊಟ್ಟೆಗಳನ್ನು ಕೊಕ್ಕಿನಿಂದ ಎಳೆದು, ನೂಕಿ, ಒಂದೊಂದಾಗಿ ಬೇರೆ ಎಲೆಗೆ ಸಾಗಿಸುತ್ತದೆ. ಮರಿ ಒಡೆದ ಮೇಲೆ ಅಪಾಯ ಬಂದರೆ, ಮರಿಗಳು ನೀರಿನಲ್ಲಿ ಮುಳುಗಿ ಕೊಕ್ಕಿನ ತುದಿಯಷ್ಟೇ ಹೊರಗಿಟ್ಟು ಅಲುಗದೆ ಕೂಡುತ್ತವೆ. ಕಂಚಿನ ರೆಕ್ಕೆಯ ಗಂಡು ಮರಿಗಳನ್ನು ರೆಕ್ಕೆಯ ಅಡಿಯಲ್ಲಿ ಅವುಚಿಕೊಂಡು ಓಡುವುದೂ ಉಂಟು. ಆಗ ಅಪ್ಪನ ಕಂಕುಳಿಂದ ಮರಿಗಳ ಉದ್ದನೆಯ ಕಾಲುಗಳು ಇಳಿಬಿದ್ದಿರುತ್ತವೆ.

ಇದೆಲ್ಲ ನಡೆಯುವುದು ಯಾವಾಗ? ಮೃಗಶಿರಾ ಮಳೆಯಿಂದ ಹಿಡಿದು ಹೆಚ್ಚು ಕಡಿಮೆ ಗಣಪತಿ ಹಬ್ಬ ಮುಗಿಯುವ ತನಕ. ಜೂನ್‌ದಿಂದ ಸೆಪ್ಟೆಂಬರ್. ಈ ನಾಲ್ಕು ತಿಂಗಳು ಕೆರೆಯ ಎಲೆ ಅಂದರೆ ಅವುಗಳ ಮನೆ, ಅಂಗಳ, ತೊಟ್ಟಿಲು ಎಲ್ಲ.

ನಾವು ಮಾಡಿದ ತಪ್ಪು

ಈಗ ಒಂದು ತಪ್ಪೊಪ್ಪಿಗೆ. ಇದನ್ನು ಹೇಳದೆ ನಿಮಗೆ ಬುದ್ಧಿ ಹೇಳುವ ಅಧಿಕಾರ ನಮಗಿಲ್ಲ.

2016ರ ಶ್ರಾವಣದಲ್ಲಿ ಊರ ಕೆರೆ ಸ್ವಚ್ಛ ಮಾಡುವ ಕೆಲಸ ಬಂತು. ಅದಕ್ಕೊಂದು ಸಮಿತಿ ಆಯಿತು, ಆ ಸಮಿತಿಗೆ ನಾವೇ ಮುಖಂಡರು. ಬಂದ ಹಣ ಬೇಗ ಖರ್ಚು ಹಾಕಬೇಕಿತ್ತು. ನೋಡಲಿಕ್ಕೆ ಚೆಂದ ಕಾಣಬೇಕು ಅಂತ ನೈದಿಲೆ, ತಾವರೆ, ಆಪು, ಜೊಂಡು ಎಲ್ಲ ಕಿತ್ತು ಹಾಕಿರಿ ಅಂತ ನಾವೇ ಹೇಳಿದೆವು. ದನ ಕಾಯುವ ಒಬ್ಬ ಹುಡುಗ ಬಂದು, “ಸರ, ಆ ಬದಿಗೆ ಹಕ್ಕಿ ತತ್ತಿ ಅದಾವ್ರಿ, ನಾಕ ದಿನ ಬಿಡ್ರಿ” ಅಂದ. ನಾವು ನಕ್ಕು, “ಮತ್ತ ಇಡತಾವ ಹೋಗೋ ತಮ್ಮಾ” ಅಂದೆವು.

ಅವತ್ತು ಸಂಜೀಕ ದಂಡೆಯ ಮೇಲೆ ನಿಂತಾಗ ಕಂಡಿತು. ಉದ್ದಬಾಲದ ಗಂಡು ಒಂದು ಮೊಟ್ಟೆಯನ್ನು ಕೊಕ್ಕಿನಿಂದ ಎಳೆಯುತ್ತ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಿತ್ತು. ನೀರಿಗೆ ಬಿದ್ದರೆ ನೂಕುತ್ತಿತ್ತು, ಎಲೆ ಸಿಕ್ಕರೆ ಮೇಲಕ್ಕೆ ಎಳೆಯುತ್ತಿತ್ತು. ಕತ್ತಲೆಯಾಗುವುದರೊಳಗೆ ಮೂರು ಮೊಟ್ಟೆ ಆಚೆ ಕಡೆಯ ಎಲೆಗೆ ಸಾಗಿಸಿತು. ನಾವು ನೋಡಿ ಆಶ್ಚರ್ಯಪಟ್ಟು ಮನೆಗೆ ಬಂದು ಊಟ ಮಾಡಿ ಮಲಗಿದೆವು. ಮರುದಿನ ಮುಂಜಾನೆ ಜೆಸಿಬಿ ಆಚೆ ಕಡೆಗೂ ಹೋಯಿತು. ನಿಲ್ಲಿಸು ಅನ್ನುವ ಒಂದು ಮಾತು ನಮ್ಮ ಬಾಯಿಂದ ಬರಲಿಲ್ಲ. ಮಧ್ಯಾಹ್ನದ ತನಕ ಆ ಹಕ್ಕಿ ದಂಡೆಯ ಮಣ್ಣಿನ ಗುಡ್ಡೆಯ ಮೇಲೆ ಬೆಕ್ಕಿನ ಮರಿಯಂತೆ ಮಿಯಾಂವ್ ಮಿಯಾಂವ್ ಅಂತ ಒದರುತ್ತ ತಿರುಗಾಡಿತು. ಸಂಜೆಗೆ ನಾವು ಬಿಲ್ಲಿಗೆ ಸಹಿ ಹಾಕಿದೆವು. ತಾಸಿಗೆ ಇಷ್ಟು, ಒಟ್ಟು ಇಷ್ಟು ತಾಸು, ಡೀಸೆಲ್ಲು ಇಷ್ಟು. ಆ ನಾಲ್ಕು ಮೊಟ್ಟೆಗೆ ಲೆಕ್ಕದ ಹಾಳೆಯಲ್ಲಿ ಕಾಲಂ ಇರಲಿಲ್ಲ.

ಆಮೇಲೆ ಏನಾಯಿತು ಅನ್ನುವುದು ನಿಮಗೆಲ್ಲ ಗೊತ್ತು. ಕೆರೆ ಎರಡು ತಿಂಗಳು ಕನ್ನಡಿಯ ಹಾಗೆ ಹೊಳೆಯಿತು. ಮುಂದಿನ ವರ್ಷ ನೈದಿಲೆ ಇದ್ದ ಜಾಗದಲ್ಲಿ ಅಂತರಗಂಗೆ ಬಂದು ಕುಳಿತಿತು, ನೀಲಿ ಹೂವಿನದು, ಮರಾಠಿಯಲ್ಲಿ ಜಲಪರ್ಣಿ ಅಂತಾರಲ್ಲ ಅದು. ಇದು ನಮ್ಮ ದೇಶದ ಗಿಡವೇ ಅಲ್ಲ, ದಕ್ಷಿಣ ಅಮೆರಿಕದ್ದು. ಹೂವು ಚೆಂದ ಅಂತ ತಂದು ಬಿಟ್ಟವರು ಬಿಟ್ಟು ಹೋದರು, ಅನುಭವಿಸುವವರು ನಾವು. ಒಂದು ತುಂಡು ಉಳಿದರೂ ಮತ್ತೆ ಚಿಗುರುತ್ತದೆ. ನೀರು ಕಾಣದ ಹಾಗೆ ಹಾಸಿಕೊಂಡು, ಬಿಸಿಲು, ಗಾಳಿ ನೀರಿಗೆ ಇಳಿಯದ ಹಾಗೆ ಮಾಡಿ, ಮೀನಿಗೆ ಉಸಿರು ಕಟ್ಟಿಸುತ್ತದೆ. ಮೀನು ಹಿಡಿಯುವ ಗುತ್ತಿಗೆ ತೆಗೆದುಕೊಂಡವರು ಎರಡು ವರ್ಷ ನಷ್ಟ ಮಾಡಿಕೊಂಡರು. ದೇವನಹಕ್ಕಿ ಮಾತ್ರ ಬರಲಿಲ್ಲ. ಅದಕ್ಕೆ ಎಲೆಯೂ ಬೇಕು, ನಡುನಡುವೆ ಬಯಲು ನೀರೂ ಬೇಕು. ಪೂರ್ತಿ ಬೋಳು ಕೆರೆಯೂ ಬೇಡ, ಪೂರ್ತಿ ಮುಚ್ಚಿದ ಕೆರೆಯೂ ಬೇಡ.

ಗುಡಿಯ ಮಗ್ಗುಲ ಮೂಲೆಯಲ್ಲಿ, ಜೆಸಿಬಿ ಇಳಿಯಲಾಗದ ಕಡೆ, ಕೆಸರಿನಲ್ಲಿ ಉಳಿದ ಗಡ್ಡೆಯಿಂದ ನೈದಿಲೆ ನಿಧಾನವಾಗಿ ಮತ್ತೆ ಹಬ್ಬಿತು. ಕಳೆದ ಮಳೆಗಾಲದಲ್ಲಿ ಆ ಮೂಲೆಯಲ್ಲಿ ಒಂದು ಉದ್ದಬಾಲದ ಹಕ್ಕಿ ಕಂಡಿತು. ಅವತ್ತು ಹುಡುಗನಾಗಿದ್ದವನು ಈಗ ಇದೇ ಸಂಘದ ಸದಸ್ಯ, ಎರಡು ಮಕ್ಕಳ ತಂದೆ. ಅವನೇ ನಮಗೆ ಬೆಳಗಾವಿಗೆ ಫೋನು ಮಾಡಿ, “ಸರ, ನಿಮ್ಮ ಹಕ್ಕಿ ಬಂದೈತ್ರಿ” ಅಂದ. ನಮ್ಮ ಹಕ್ಕಿ ಅಂದ ಮಾತು ಕೇಳಿ ನಮಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು.

ಬೆಳಗಾವಿಯಲ್ಲಿ ಕುಳಿತು ಯೋಚಿಸಿದ್ದು

ನಿವೃತ್ತಿಯಾದ ಮೇಲೆ ನಾವು ಮಗನ ಮನೆಯಲ್ಲಿ, ಬೆಳಗಾವಿಯಲ್ಲಿ ಇರುತ್ತೇವೆ. ಮುಂಜಾನೆ ಕೋಟೆ ಕೆರೆಯ ಕಡೆ ತಿರುಗಾಡಲು ಹೋಗುತ್ತೇವೆ. ರಟ್ಟರ ಕಾಲದಲ್ಲಿ, 1204ರಲ್ಲಿ ಕಟ್ಟಿದ ಕೋಟೆ ಆಚೆ, ಈಚೆ ಈ ಕೆರೆ. 2018ರಲ್ಲಿ ಅದರ ದಂಡೆಯ ಮೇಲೆ 110 ಮೀಟರ್ ಎತ್ತರದ ಧ್ವಜಸ್ತಂಭ ನಿಲ್ಲಿಸಿದರು. ಮಂದಿ ತಲೆ ಎತ್ತಿ ಬಾವುಟ ನೋಡುತ್ತಾರೆ. ನೋಡಬೇಕಾದದ್ದೇ. ಆದರೆ ತಲೆ ತಗ್ಗಿಸಿ ನೀರು ನೋಡುವವರು ಕಡಿಮೆ. ಪಟ್ಟಣದ ಕೆರೆಯನ್ನು ಪಟ್ಟಣದವರು ಬೇಕಾದ ಹಾಗೆ ಸಿಂಗರಿಸಲಿ. ನಮ್ಮ ಕಡೆ ಕೆರೆ ಅಂದರೆ ಬರೀ ನೋಡುವ ವಸ್ತುವಲ್ಲ, ಭತ್ತಕ್ಕೆ ನೀರು, ದನಕ್ಕೆ ನೀರು, ಬಾವಿಗೆ ಸೆಲೆ.

ನೀರಿನ ವಿಷಯದಲ್ಲಿ ಖಾನಾಪುರ ತಾಲೂಕಿನವರಾದ ನಾವು ಭಾಗ್ಯವಂತರು. ಮಲಪ್ರಭೆ ಹುಟ್ಟುವುದು ನಮ್ಮ ಕಣಕುಂಬಿಯಲ್ಲಿ. ಮಹದಾಯಿ ಹುಟ್ಟುವುದೂ ನಮ್ಮ ತಾಲೂಕಿನ ದೇಗಾವದ ಕಡೆ. ಕಾಡಿನ ಕಡೆ ಭೀಮಗಡಕ್ಕೆ 2011ರಲ್ಲಿ ವನ್ಯಜೀವಿ ಧಾಮದ ಮಾನ್ಯತೆ ಸಿಕ್ಕಿತು. ಬೆಳಗಾವಿ ಜಿಲ್ಲೆಯಲ್ಲೇ ಗೋಕಾಕ ತಾಲೂಕಿನ ಧೂಪದಾಳದ ಹಿನ್ನೀರು 1974ರಲ್ಲಿ ಘಟಪ್ರಭಾ ಪಕ್ಷಿಧಾಮವಾಯಿತು. ದೊಡ್ಡ ಕಾಡಿಗೆ, ದೊಡ್ಡ ನೀರಿಗೆ ಸರಕಾರದ ಬೋರ್ಡು ಬಂತು. ಆದರೆ ಊರಿಗೊಂದು, ಎರಡೂರಿಗೊಂದು ಇರುವ ಸಣ್ಣ ಕೆರೆಗಳಿಗೆ ಯಾವ ಬೋರ್ಡು? ಅವುಗಳಿಗೆ ಕಾವಲುಗಾರರು ಅಂದರೆ ಊರವರೇ.

ಇನ್ನೊಂದು ಮಾತು. 1880ರ ಸುಮಾರಿಗೆ ಬೆಳಗಾವಿಯ ದಂಡಿನಲ್ಲಿದ್ದ ಬಟ್ಲರ್ ಎಂಬ ಇಂಗ್ಲಿಷ್ ಅಧಿಕಾರಿ ನಮ್ಮ ಸೀಮೆಯ ಹಕ್ಕಿಗಳನ್ನೆಲ್ಲ ನೋಡಿ ಬರೆದುಕೊಂಡ. ದಖ್ಖನ್ ಮತ್ತು ದಕ್ಷಿಣ ಮರಾಠಾ ಪ್ರಾಂತದ ಹಕ್ಕಿಗಳು ಅಂತ ಅವನ ಪಟ್ಟಿ 1881ರಲ್ಲಿ ಅಚ್ಚಾಯಿತು. ಸಾವಿರಾರು ಮೈಲಿ ದೂರದಿಂದ ಬಂದವನು ನಮ್ಮ ಹಕ್ಕಿಗಳ ಪಟ್ಟಿ ಮಾಡಿದ. ನಾವು ಇಲ್ಲಿಯೇ ಹುಟ್ಟಿ, ಇದೇ ಕೆರೆಯಲ್ಲಿ ಈಸು ಕಲಿತು, ನಮ್ಮ ಕೆರೆಯಲ್ಲಿ ಯಾವ ವರ್ಷ ಎಷ್ಟು ಹಕ್ಕಿ ಇದ್ದವು ಅಂತ ಒಂದು ಸಾಲು ಬರೆದಿಟ್ಟಿಲ್ಲ. ಸಂಘದಲ್ಲಿ ಐದು ರೂಪಾಯಿ ಬಂದರೂ ರಸೀದಿ ಹರಿಯುತ್ತೇವೆ. ಕೆರೆಯ ಜಮಾ-ಖರ್ಚು ಬರೆಯುವವರೇ ಇಲ್ಲ.

ಹಕ್ಕಿ ಹೆಚ್ಚೋ, ನೀರು ಹೆಚ್ಚೋ?

ಕಳೆದ ವಾರ ಸಭೆಯಲ್ಲಿ ಒಬ್ಬ ಸದಸ್ಯರು ಕೇಳಿದರು, “ಮಾಸ್ತರ್ರ, ಒಂದ ಹಕ್ಕಿ ಸಲವಾಗಿ ಹೂಳ ತಗಿಯೂದ ಬಿಡೂಣೇನ್ರಿ? ಬ್ಯಾಸಿಗ್ಯಾಗ ಬಾವಿ ಬತ್ತಿದ್ರ ಹಕ್ಕಿ ನೀರ ತಂದ ಕೊಡ್ತೈತೇನು?” ಪ್ರಶ್ನೆ ಸರಿ ಇದೆ. ಅವರ ಬಾವಿ ಬತ್ತಿದ್ದು ನಮಗೆ ಗೊತ್ತು. ಅದಕ್ಕೆ ಸುಮ್ಮನೆ ಹಾರಿಕೆಯ ಉತ್ತರ ಕೊಡಬಾರದು.

ಹೂಳು ತೆಗೆಯಲೇಬೇಕು. ಹೂಳು ತುಂಬಿದ ಕೆರೆ ಹಕ್ಕಿಗೂ ಕೆಲಸಕ್ಕೆ ಬರುವುದಿಲ್ಲ. ನಮ್ಮ ಮಾತು ಇಷ್ಟೇ: ಯಾವಾಗ ತೆಗೆಯುತ್ತೀರಿ, ಎಲ್ಲಿಂದ ತೆಗೆಯುತ್ತೀರಿ. ಈ ಹಕ್ಕಿ ಇವತ್ತು ನಾಳೆ ಜಗತ್ತಿನಿಂದಲೇ ಅಳಿದುಹೋಗುವ ಪಟ್ಟಿಯಲ್ಲಿ ಇಲ್ಲ, ಅದನ್ನೂ ಹೇಳಿಬಿಡುತ್ತೇವೆ. ಸುಳ್ಳು ಹೇಳಿ ಹೆದರಿಸುವುದು ನಮಗೆ ಬೇಡ. ಅದು ಎಲೆಯ ಮೇಲಿನ ಹುಳ, ಬಸವನಹುಳು, ಬೀಜ ತಿಂದು ಬದುಕುತ್ತದೆ, ನಮ್ಮ ಭತ್ತಕ್ಕೆ ಕಾಟ ಕೊಡುವ ಜಾತಿಯಲ್ಲ. ಅದೊಂದೇ ನಮ್ಮ ಹುಳದ ಕಾಟವನ್ನೆಲ್ಲ ಕಳೆಯುತ್ತದೆ ಅಂತಲೂ ನಾವು ಅನ್ನುವುದಿಲ್ಲ. ಆದರೆ ಅದು ಕೆರೆಯ ನಾಡಿ ಇದ್ದ ಹಾಗೆ. ಎಲೆ, ಬಯಲು ನೀರು, ಹುಳ, ಮೀನು ಎಲ್ಲ ಹದವಾಗಿದ್ದಲ್ಲಿ ಅದು ಮೊಟ್ಟೆ ಇಡುತ್ತದೆ. ವಿಷದ ನೀರು ಹರಿದು ಬಂದರೆ, ಕಳೆ ಮುಚ್ಚಿದರೆ, ಮೊದಲು ಅದು ಊರು ಬಿಡುತ್ತದೆ. ಅದು ಹೋದ ಕೆರೆ ನಾಳೆ ನಮಗೂ ಉಪಯೋಗ ಇಲ್ಲದ ಕೆರೆಯಾದೀತು. ನಮ್ಮೂರಲ್ಲಿ ಅದನ್ನು ನಾವು ಕಂಡೇ ಕಂಡೆವು.

ರೈತರು ಮನಸ್ಸು ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಇದೇ ಹಕ್ಕಿಯ ಒಂದು ಉದಾಹರಣೆ ಕೊಡುತ್ತೇವೆ. ನಮ್ಮ ಕೆರೆಯಲ್ಲಿರುವ ಈ ಉದ್ದಬಾಲದ ಹಕ್ಕಿಯೇ ಚೀನಾದ ಮಗ್ಗುಲಿಗಿರುವ ತೈವಾನ್ ದ್ವೀಪದಲ್ಲೂ ಇದೆ. ಅಲ್ಲಿ ತೈನಾನ್ ಸೀಮೆಯ ಗ್ವಾಂತಿಯೆನ್ ಎಂಬಲ್ಲಿ ರೈತರು ನೀರು ನಿಲ್ಲಿಸಿದ ಹೊಲಗಳಲ್ಲಿ ಶಿಂಗಾಡಿ ಬೆಳೆಯುತ್ತಾರೆ, ನಾವು ಉಪವಾಸಕ್ಕೆ ತಿನ್ನುತ್ತೇವಲ್ಲ ಅದೇ. ಶಿಂಗಾಡಿಯ ತೇಲುವ ಎಲೆಯ ಮೇಲೆ ಈ ಹಕ್ಕಿಯ ಗೂಡು. 1990ರ ದಶಕದ ಕೊನೆಗೆ ಆ ದ್ವೀಪದಲ್ಲಿ ಐವತ್ತು ಹಕ್ಕಿಯೂ ಉಳಿದಿರಲಿಲ್ಲ. ಅಷ್ಟರಲ್ಲಿ ವೇಗದ ರೈಲಿನ ದಾರಿ ಅದರ ನೆಲೆಯ ಮೇಲೆಯೇ ಬಂತು. ಗಲಾಟೆ ಆಯಿತು. ರೈಲೂ ಬೇಕು, ಹಕ್ಕಿಯೂ ಬೇಕು ಅಂತ ಕೊನೆಗೆ 2000ದಲ್ಲಿ 15 ಹೆಕ್ಟೇರು, ಅಂದರೆ ಸುಮಾರು 37 ಎಕರೆ ಜಮೀನು ಬಾಡಿಗೆಗೆ ಹಿಡಿದು, ನೀರು ನಿಲ್ಲಿಸಿ, ಎಲೆಗಿಡ ಬೆಳೆಸಿ ಹಕ್ಕಿಗೆ ಬಿಟ್ಟುಕೊಟ್ಟರು. ಹೆಚ್ಚು ಕಡಿಮೆ ನಮ್ಮ ಸಂಘದ ವಯಸ್ಸೇ ಅದಕ್ಕೂ. ಹೊಲದಲ್ಲಿ ಗೂಡು ಕಂಡರೆ ಅದನ್ನು ಉಳಿಸಿಕೊಂಡ ರೈತನಿಗೆ ಹಣ ಕೊಡುವ ಪದ್ಧತಿಯೂ ಬಂತು.

ಆದರೂ ದಾರಿ ಸಲೀಸಾಗಿರಲಿಲ್ಲ. 2009ರಲ್ಲಿ ಭತ್ತದ ಬೀಜಕ್ಕೆ ವಿಷ ಸವರಿ ಬಿತ್ತಿದ್ದರಿಂದ ಅದನ್ನು ತಿಂದು ಹತ್ತಾರು ಹಕ್ಕಿ ಸತ್ತವು. ಆಮೇಲೆ ವಿಷ ಹಾಕದೆ ಬೆಳೆದ ರೈತರ ಮಾಲಿಗೆ ಬೇರೆ ಗುರುತು ಕೊಟ್ಟು ಮಾರುವ ವ್ಯವಸ್ಥೆ ಮಾಡಿದರು. ಹಕ್ಕಿ ಉಳಿಸಿದ ಹೊಲದ ಶಿಂಗಾಡಿ ಅಂತ ಹೆಸರಾಯಿತು. ಐವತ್ತಕ್ಕೆ ಇಳಿದ ಹಕ್ಕಿ ಇಪ್ಪತ್ತು ವರ್ಷದಲ್ಲಿ ಸಾವಿರ ದಾಟಿತು. ಹಕ್ಕಿಯೂ ಉಳಿಯಿತು, ರೈತನ ಮಾಲಿಗೂ ಹೆಸರು ಬಂತು, ರೈಲೂ ಓಡಿತು.

ಅಷ್ಟು ದೂರ ಯಾಕೆ, ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆ ನೋಡಿರಿ. ಚಳಿಗಾಲಕ್ಕೆ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬಂದು ಇಳಿಯುವ ಕೆರೆ. ಊರ ಕೆರೆಯೇ ಅದು, ಅರಮನೆಯ ಕೆರೆಯಲ್ಲ. 2024ರಲ್ಲಿ ಅದಕ್ಕೆ ರಾಮ್ಸಾರ್ ಎಂಬ ಅಂತರರಾಷ್ಟ್ರೀಯ ಮಾನ್ಯತೆ ಬಂತು. ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರ ಕೆರೆಗೂ ಆಗಲೇ ಬಂತು. ಊರವರು ಹಕ್ಕಿಗೆ ಕಲ್ಲು ಹೊಡೆಯದೆ ಬಿಟ್ಟದ್ದರಿಂದ ಆ ಕೆರೆಗಳ ಹೆಸರು ಜಗತ್ತಿನ ಪುಸ್ತಕದಲ್ಲಿ ಬಂತು.

ನಮ್ಮ ನಾಲ್ಕು ಸಾಲು

ಈಗ ಠರಾವಿಗೆ ಸೇರಿಸಬೇಕಾದ ನಾಲ್ಕು ಸಾಲು ಹೇಳುತ್ತೇವೆ.

ಮೊದಲನೆಯದು, ಹೂಳು ತೆಗೆಯುವ ಕೆಲಸ ಹೋಳಿಹುಣ್ಣಿಮೆ ಮುಗಿದ ಮೇಲೆ ಸುರು ಮಾಡಿ, ರೋಹಿಣಿ ಮಳೆ ಹಿಡಿಯುವುದರೊಳಗೆ ಮುಗಿಯಬೇಕು. ನಮ್ಮ ಹಿರಿಯರು ಮಾಡುತ್ತಿದ್ದುದೂ ಹಾಗೇ. ಆಗ ಕೆರೆಯಲ್ಲಿ ನೀರು ಕಡಿಮೆ, ಕೆಲಸ ಹಗುರ, ಖರ್ಚು ಕಡಿಮೆ. ತೆಗೆದ ಗೋಡು ಬಿತ್ತುವುದರೊಳಗೆ ಹೊಲಕ್ಕೆ ಬೀಳುತ್ತದೆ. ಹಕ್ಕಿಗೂ ತೊಂದರೆ ಇಲ್ಲ. ಹಣ ಎಲ್ಲಿಂದ ಬಂದರೂ, ಯಾರು ಅವಸರ ಮಾಡಿದರೂ, ಮಳೆಗಾಲದಲ್ಲಿ ಜೆಸಿಬಿ ಕೆರೆಗೆ ಇಳಿಯಬಾರದು.

ಎರಡನೆಯದು, ಗುಡಿಯ ಮಗ್ಗುಲಿನ ಮೂಲೆಯನ್ನು, ಕೆರೆಯ ನಾಲ್ಕರಲ್ಲಿ ಒಂದು ಪಾಲನ್ನು, ನೈದಿಲೆ-ತಾವರೆ ಸಮೇತ ಮುಟ್ಟದೆ ಬಿಡಬೇಕು. ಉಳಿದ ಮೂರು ಪಾಲಿನಲ್ಲಿ ಅಂತರಗಂಗೆಯನ್ನು ಬೇರುಸಹಿತ ಕಿತ್ತು, ದಂಡೆಯ ಮೇಲೆ ಬಿಡದೆ ದೂರ ಒಯ್ದು ಗೊಬ್ಬರದ ಗುಂಡಿಗೆ ಹಾಕಬೇಕು. ಕಳೆ ಯಾವುದು, ನಮ್ಮ ಗಿಡ ಯಾವುದು ಅಂತ ಕೆಲಸಗಾರರಿಗೆ ಮೊದಲೇ ತೋರಿಸಬೇಕು. 2016ರಲ್ಲಿ ನಾವು ಮಾಡದೆ ಬಿಟ್ಟದ್ದು ಇದನ್ನೇ.

ಮೂರನೆಯದು, ಸಂಘದ ಅಂಗಡಿಯಿಂದ ಔಷಧಿ ಒಯ್ಯುವ ಸದಸ್ಯರು ಪಂಪು, ಡಬ್ಬಿ, ಬಾಟಲಿಗಳನ್ನು ಕೆರೆಯಲ್ಲಿ ತೊಳೆಯಬಾರದು. ಅಂಗಡಿಯಲ್ಲಿ ರಸೀದಿ ಕೊಡುವಾಗಲೇ ಈ ಮಾತು ಹೇಳಿ ಕೊಡಬೇಕು. ಗಣಪತಿ ಬಿಡುವುದಕ್ಕೂ ಬೆಳಗಾವಿಯಲ್ಲಿ ಕಪಿಲೇಶ್ವರ ಹೊಂಡ ಬೇರೆ ಇದ್ದ ಹಾಗೆ ನಮ್ಮೂರಲ್ಲೂ ಕೆರೆಯ ಕೆಳಗೆ ಒಂದು ಸಣ್ಣ ಹೊಂಡ ತೋಡಿದರೆ ದೇವರ ಕೆಲಸಕ್ಕೂ ಕುಂದಿಲ್ಲ, ಕೆರೆಗೂ ಕುಂದಿಲ್ಲ.

ನಾಲ್ಕನೆಯದು, ಶಾಲೆಯ ಮಕ್ಕಳ ಕೈಗೆ ಒಂದು ರಜಿಸ್ಟರು. ಸಂಘದ ಹಳೆಯ ಕಿರ್ದಿ ಪುಸ್ತಕದಂಥದೇ ಒಂದು ದಪ್ಪ ಪುಸ್ತಕ ಸಾಕು. ತಿಂಗಳಿಗೆ ಎರಡು ಸಲ ದಂಡೆಯ ಮೇಲೆ ನಿಂತು, ಕಂಡ ಹಕ್ಕಿಯ ಹೆಸರು, ಎಷ್ಟು, ಎಲ್ಲಿ ಅಂತ ಬರೆಯುವುದು. ಗೂಡಿನ ಹತ್ತಿರ ಹೋಗುವುದಿಲ್ಲ, ಮೊಟ್ಟೆ ಮುಟ್ಟುವುದಿಲ್ಲ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದು ಅಪರಾಧ ಅಂತಲೂ ಮಕ್ಕಳಿಗೆ ತಿಳಿಯಲಿ. ಸರ್ವಸಾಧಾರಣ ಸಭೆಯಲ್ಲಿ ಸಂಘದ ಲೆಕ್ಕ ಓದಿದ ಮೇಲೆ ಮಕ್ಕಳು ಕೆರೆಯ ಲೆಕ್ಕ ಓದಲಿ. ಮೊದಲ ರಜಿಸ್ಟರಿನ ಖರ್ಚು ನಮ್ಮದು.

ಈ ನಾಲ್ಕು ಸಾಲಿಗೆ ಸಂಘಕ್ಕೆ ಹೆಚ್ಚಿನ ಹಣ ಬೇಡ. ಸ್ವಲ್ಪ ಕಾಯುವುದು ಬೇಕು, ಸ್ವಲ್ಪ ಬಿಟ್ಟುಕೊಡುವುದು ಬೇಕು, ಅಷ್ಟೇ.

ಕೊನೆಯ ಮಾತು

ಮೊದಲು ಹೇಳಿದ ಮಾತು ನೆನಪಿದೆಯೇ? ಹಗುರ ಇದ್ದರೆ ಸಾಲದು, ಭಾರ ಹಂಚಬೇಕು. ಈ ಸಂಘ ನಿಂತದ್ದೂ ಹಾಗೇ. ಇಪ್ಪತ್ತೈದು ವರ್ಷದ ಹಿಂದೆ ನಮ್ಮಲ್ಲಿ ಒಬ್ಬೊಬ್ಬರೂ ನೂರು ರೂಪಾಯಿಯ ಒಂದೊಂದು ಶೇರು ಹಾಕಿದೆವು. ಒಬ್ಬರ ನೂರು ರೂಪಾಯಿ ಅಂದರೆ ಒಂದು ಎಲೆ. ಅದರ ಮೇಲೆ ಯಾರೂ ನಿಲ್ಲಲಾರರು. ಎಲ್ಲರ ಎಲೆ ಕೂಡಿದ್ದಕ್ಕೆ ಬರಗಾಲ ಬಂದಾಗಲೂ, ಬೆಳೆ ಹೋದಾಗಲೂ ಸಂಘ ಮುಳುಗಲಿಲ್ಲ. ಸಾಲಗಾರನ ಭಾರವನ್ನೂ ಎಲ್ಲರೂ ಹಂಚಿಕೊಂಡೆವು. ಹಾಗೆಯೇ ಕೆರೆಯ ಭಾರವನ್ನೂ ಹಂಚಿಕೊಳ್ಳೋಣ. ಒಬ್ಬ ಮುಖಂಡನ ಕೈಯಲ್ಲಿ ಪೂರ್ತಿ ಬಿಟ್ಟರೆ ಏನಾಗುತ್ತದೆ ಅನ್ನುವುದನ್ನು ನಮ್ಮ ಮೇಲೆಯೇ ಹಾಕಿ ಹೇಳಿದ್ದೇವೆ.

ಈ ಬೆಳ್ಳಿಹಬ್ಬದ ನಿಧಿಯಿಂದ ಬರುವ ಬೇಸಿಗೆಯಲ್ಲಿ ಕೆರೆಯ ಹೂಳು ಹೋಗಲಿ, ನಮ್ಮ ಆ ಸದಸ್ಯರ ಬಾವಿಗೆ ಸೆಲೆ ಬರಲಿ. ಮೃಗಶಿರಾ ಮಳೆಗೆ ಗುಡಿಯ ಮೂಲೆಯಲ್ಲಿ ನೈದಿಲೆ ಹಾಸಲಿ. ಅದರ ಮೇಲೆ ಒಂದು ಗಂಡುಹಕ್ಕಿ ನಾಲ್ಕು ಮೊಟ್ಟೆಗೆ ಕಾವು ಕೂತಿರುವುದನ್ನು, ಸಾಧ್ಯವಾದರೆ ಈ ಕಣ್ಣಿಂದ ನೋಡಬೇಕು ಅಂತ ಆಸೆ ಇದೆ. ಅವತ್ತು ಕೇಳದೆ ಬಿಟ್ಟ ಆ ಹುಡುಗನ ಮಾತನ್ನು ಇವತ್ತಾದರೂ ನಾವೆಲ್ಲ ಕೂಡಿ ಕೇಳಿದ ಹಾಗೆ ಆಗುತ್ತದೆ. ಅವನೇ ದಂಡೆಯ ಕಾವಲು ನೋಡಿಕೊಳ್ಳುತ್ತೇನೆ ಅಂತ ಒಪ್ಪಿದ್ದಾನೆ. ಆಡಳಿತ ಮಂಡಳಿ ಠರಾವಿಗೆ ಆ ನಾಲ್ಕು ಸಾಲು ಸೇರಿಸಲಿ ಅಂತ ಸಭೆಯ ಮುಂದೆ ಕೈಮುಗಿದು ಕೇಳುತ್ತೇವೆ.

 ಸಂಘಕ್ಕೆ ಶುಭವಾಗಲಿ, ಕೆರೆ ತುಂಬಿರಲಿ.